ಕೇತ್ಕರನ ಪರ, ಕೇತ್ಕರನ ವಿರುದ್ಧ

ಗಲ್ಲಿಗೋ ಕಂಪನಿ ಕಟ್ಟಿದ ಸಿಇಒ ನೀರಜ್ ಕೇತ್ಕರ್ ನಲವತ್ತೊಂಬತ್ತನೆಯ ವಯಸ್ಸಿಗೇ ಕುರ್ಚಿ ಬಿಟ್ಟಿದ್ದಾನೆಂಬ ಸುದ್ದಿಯನ್ನು ತಲ್ಲೂರಿನ ಹೆದ್ದಾರಿ ಬದಿಯ ಮೀನಂಗಡಿಗೆ ತಂದವನು ಸುಧೀರ. ಅಂಗಡಿಯೊಡತಿ ಪದ್ದು ಆಗ ಅಂಜಲ್ ಮೀನು ಹೋಳು ಮಾಡುತ್ತಿದ್ದಳು. ಗಲ್ಲಿಗೋ ಎಂದರೆ ಊರೂರಿನ ಸಣ್ಣ ಅಂಗಡಿ, ಹೋಟೆಲುಗಳನ್ನೆಲ್ಲ ಮೊಬೈಲಿನೊಳಗೆ ತಂದು ಕೂರಿಸಿದ ಆಪ್. ಅದರಲ್ಲಿ ಮೀನು ತರಿಸಬಹುದು, ತಿಂದ ಮೇಲೆ ಸ್ಟಾರ್ ಒತ್ತಬಹುದು, ಎರಡು ಮಾತು ಬರೆಯಲೂಬಹುದು.

ಸುಧೀರ ಕಾಲೇಜಿನಲ್ಲಿ ಪಾಠ ಹೇಳುವವನು, ಊರಿನ ವಾಚನಾಲಯದ ಕಾರ್ಯದರ್ಶಿಯೂ ಹೌದು. ಭಾನುವಾರ ಅಲ್ಲಿ ಚರ್ಚೆ ಇಟ್ಟಿದ್ದ: ಕೇತ್ಕರ್ ನಮಗೆ ಮಾಡಿಹೋದದ್ದು ಒಳ್ಳೆಯದೋ ಕೆಟ್ಟದ್ದೋ?

"ಪದ್ದಕ್ಕ, ನೀವ್ ವಿರುದ್ಧ ಮಾತಾಡ್ಕ್. ಪರವಾಗಿ ಅನ್ನಸಿರಿ ಹೋಟ್ಲಿನ ಚಂದಯ್ಯ ಶೆಟ್ರ್ ಇದ್ರ್."

"ನಂಗೆ ಸಭೆ ಗಿಭೆ ಎಲ್ಲ ಗೊತ್ತಿಲ್ಲೆ ಮಾರಾಯ," ಎನ್ನುತ್ತಲೇ ಪದ್ದು ಕತ್ತಿ ಕೆಳಗಿಟ್ಟಳು. "ಎಷ್ಟ್ ಗಂಟಿಗೆ?"

ಅವಳು ಅಷ್ಟು ಬೇಗ ಒಪ್ಪಿದ್ದಕ್ಕೆ ಕಾರಣವಿತ್ತು. ಒಂದು ತಿಂಗಳ ಹಿಂದೆ ಗಲ್ಲಿಗೋದಲ್ಲಿ ಅವಳ ಅಂಗಡಿಗೆ ಯಾರೋ ಒಂದೇ ಒಂದು ಸ್ಟಾರ್ ಒತ್ತಿ, 'ಮೀನು ಫ್ರೆಶ್. ಹೆಂಗಸಿಗೆ ಬಾಯಿ ಜೋರು' ಎಂದು ಬರೆದಿದ್ದರು. ಹೆಸರಿನ ಜಾಗದಲ್ಲಿ 'ಸಿ.ಎಸ್. ಬಾಂಬೆ' ಎಂದಿತ್ತು. ಮಗಳು ಶ್ರೀಲತಾ ಅದನ್ನು ಓದಿ ಹೇಳಿದ ದಿನದಿಂದ ಪದ್ದುವಿಗೆ ಬಂದ ಗಿರಾಕಿಗಳೆಲ್ಲ ಕಳ್ಳರಂತೆ ಕಾಣಿಸತೊಡಗಿದರು. ಇವನಿರಬಹುದಾ, ಅವಳಿರಬಹುದಾ? ಬಾಯಿ ಜೋರು ಅನ್ನಿಸಿಕೊಳ್ಳಬಾರದೆಂದು ಅವಳು ದನಿ ಇಳಿಸಿ, ಬಂದವರಿಗೆಲ್ಲ ಆಸ್ಪತ್ರೆಯ ನರ್ಸಿನ ಹಾಗೆ ಮೆಲ್ಲಗೆ ರೇಟು ಹೇಳಿದಳು. ನಾಲ್ಕು ಜನ ಗಂಟಲು ನೋವಾ ಎಂದು ಕೇಳಿದರು. ಒಬ್ಬರು ಕಷಾಯವನ್ನೂ ತಂದುಕೊಟ್ಟರು.

"ಅಮ್ಮ, ನಮ್ಮ ಅರ್ಧ ವ್ಯಾಪಾರ ಅದ್ರಗೇ ಬಪ್ದ್," ಎಂದು ಆ ರಾತ್ರಿ ನಾವುಂದದ ಮನೆಯಲ್ಲಿ ಚರ್ಚೆಯ ಸುದ್ದಿ ಕೇಳಿ ಶ್ರೀಲತಾ ತಲೆ ಚಚ್ಚಿಕೊಂಡಳು. "ನೀನ್ ಬೈದದ್ದ್ ಕಂಪ್ನಿಯರಿಗೆ ಗೊತ್ತಾರೆ?"

"ಗೊತ್ತಾಯ್ಲಿ. ಗೊತ್ತಾಪ್ಕೇ ಬೈಯುದ್."

ಭಾನುವಾರ ಸಂಜೆ ನಾಲ್ಕಕ್ಕೆ ವಾಚನಾಲಯದಲ್ಲಿ ಐವತ್ತು ಕುರ್ಚಿಗಳು ತುಂಬಿದ್ದವು. ಅನ್ನಸಿರಿಯಿಂದ ಗೋಳಿಬಜೆ ಬರುವುದೆಂಬ ಸುದ್ದಿ ಮೊದಲೇ ಹಬ್ಬಿತ್ತು. ತೀರ್ಪು ಹೇಳಲು ನಿವೃತ್ತ ಶಿಕ್ಷಕಿ ಪ್ರಭಾವತಿ ಟೀಚರ್ ಕೂತಿದ್ದರು. ಗೆದ್ದವರಿಗೆ ಕೊಡುವ ಗೋಡೆ ಗಡಿಯಾರ ಅವರ ಮುಂದೆ ಮೇಜಿನ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು.

ಮೊದಲು ಎದ್ದವರು ಚಂದಯ್ಯ ಶೆಟ್ರು. ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ಬಂದ ಮನುಷ್ಯ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಮೊಮ್ಮಗಳು ಪ್ರಣೀತಾ ಬರೆದುಕೊಟ್ಟ ಹಾಳೆ ಬಿಚ್ಚಿ, "ಡಿಜಿಟಲ್ ಕ್ರಾಂತಿಯ ಹರಿಕಾರರಾದ, ನವೋದ್ಯಮ ಲೋಕದ..." ಎಂದು ಶುರು ಮಾಡಿದರು. ಎರಡನೇ ಸಾಲಿನಲ್ಲಿ ಎಡವಿ ಹಾಳೆಯನ್ನು ಮಡಚಿ ಜೇಬಿಗೆ ಹಾಕಿದರು.

"ಹ್ವಾಯ್, ಅದೆಲ್ಲ ಬ್ಯಾಡ. ಈ ಕೇತ್ಕರ್ ಬಪ್ಕ್ ಮುಂಚೆ ನನ್ನ ಹೋಟ್ಲ್ ಹೆಮ್ಮಾಡಿಯರಿಗೂ ಗೊತ್ತಿರ್ಲಿಲ್ಲೆ. ಈಗ ಕಾಸರಗೋಡಿನರ್ ಗಾಡಿ ನಿಲ್ಸಿ ಉಂಡ್ ಹೋತ್ರ್. ಹೊಟ್ಟಿಕಿಚ್ಚಿನರ್ ಸೇರಿ ನನ್ನ ಸ್ಟಾರ್ ಕಮ್ಮಿ ಮಾಡಿ ಇಟ್ಟಿರ್, ಅದ್ ಬೇರೆ ವಿಷ್ಯ. ಅದ್ರಗೆ ಕೇತ್ಕರಂದ್ ತಪ್ಪಿಲ್ಲೆ. ಅವಂದೊಂದ್ ಮೂರ್ತಿ ಬೇಕಾರೂ ಮಾಡಿ ಇಡ್ಲಕ್ಕ್!"

ಚಪ್ಪಾಳೆ ಬಿತ್ತು. ಪದ್ದು ಎದ್ದು ಮೈಕು ಹಿಡಿದಳು. ಮೊದಲ ಎರಡು ಮಾತು ಆ ತಿಂಗಳ ಅಭ್ಯಾಸದಂತೆ ಮೆಲ್ಲಗೇ ಬಂತು. ಹಿಂದಿನ ಸಾಲಿನಿಂದ "ಕೇಂತಿಲ್ಲೆ ಪದ್ದಕ್ಕ!" ಎಂದು ಕೂಗಿದರು. ಅಷ್ಟೇ ಸಾಕಾಯಿತು. ಅವಳು ಮೈಕನ್ನು ಮೇಜಿನ ಮೇಲಿಟ್ಟಳು.

"ಮೂವತ್ತೆರಡ್ ವರ್ಷ ಮೀನ್ ಮಾರಿದೆ. ಜನ ಕಿವಿರ್ ಎತ್ತಿ ಕಾಂತಿದ್ರ್, ಹಳ್ಸಿದ್ದಂಬ್ರ್, ನಾನ್ ನಿಮ್ಮ ಮೂಗ್ ಹಳ್ಸಿದ್ದಂತಿದ್ದೆ. ಮರ್ದಿನ ಅವ್ರೇ ಬತ್ತಿದ್ರ್. ಈಗ ಹಾಂಗಿಲ್ಲೆ. ಎದ್ರಿಗೆ ನೆಗಾಡ್ಕಂಡ್ ಹೋತ್ರ್, ಮನಿಗ್ ಹೋಯಿ ಗುಂಡಿ ಒತ್ತುತ್ರ್. ಮುಖಕ್ಕೆ ಬೈದ್ರೆ ನಂಗೂ ಬೈಲಕ್ಕಲೆ? ಈ ಕೇತ್ಕರ ನನ್ನ ಬಾಯಿ ಕಟ್ಟಿ ಹಾಕ್ದ!"

ಈ ಸಲದ ಚಪ್ಪಾಳೆ ಹೆಂಗಸರ ಕಡೆಯಿಂದ ಬಂತು. ಪದ್ದುವಿಗೆ ಎದೆ ಹಗುರಾಯಿತು. ಅದೇ ಉಮೇದಿನಲ್ಲಿ ಬ್ಲೌಸಿನೊಳಗಿಂದ ಚೀಟಿ ತೆಗೆದು ಅಕ್ಷರ ಅಕ್ಷರವಾಗಿ ಓದಿದಳು.

"ಕೇಣಿ. 'ಮೀನು ಫ್ರೆಶ್. ಹೆಂಗಸಿಗೆ ಬಾಯಿ ಜೋರು.' ಸ್ಟಾರ್ ಒಂದ್. ಹೆಸ್ರ್, ಸಿ.ಎಸ್. ಬಾಂಬೆ. ಧೈರ್ಯ ಇದ್ರೆ ಬಂದ್ ನನ್ನ ಎದ್ರಿಗ್ ಹೇಳ್ಲಿ!"

ಚಂದಯ್ಯ ಶೆಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

"ಎಂತ ಮಾರಾಯ್ತಿ, ಅದ್ ನಾನೇ! ಹೊಗಳಿ ಬರ್ದದ್ದಲ್ದಾ?"

ಪದ್ದು ಚೀಟಿಯನ್ನು ಅವರ ಮುಖದೆದುರು ಹಿಡಿದಳು.

"ನೀವಾ ಶೆಟ್ರೆ? ಇದ್ ಹೊಗಳದ್ದಾ?"

"ಮತ್ತೆ? ಬಾಯಿ ಇಲ್ದಿದ್ದರ್ ಹತ್ರ ಮೀನ್ ತಕಂಬ್ದ್ ಹ್ಯಾಂಗೆ? ಬೊಂಬಾಯಿಯಗೆ ಮೂವತ್ತ್ ವರ್ಷ ಮೂಗರ್ ಹತ್ರ ಮೀನ್ ತಕಂಡಾಂಗ್ ಆಯ್ತ್ ನಂಗೆ. ನಿನ್ನ ಬಾಯಿ ಕೇಂಡ್ರೆ ಊರಿಗ್ ಬಂದಾಂಗ್ ಆತ್ತ್. ಅದ್ಕೇ ಒಂದ್ ಕೊಟ್ಟದ್ದ್!"

"ಒಂದ್ ಎಂತಕೆ ಕೊಟ್ರಿ?"

"ಒಂದ್ ಅಂದ್ರೆ ಫಸ್ಟ್ ಅಲ್ದಾ? ಮತ್ತೆ ನಿಂಗೆ ಐದ್ನೇ ನಂಬ್ರ ಕೊಡುದಾ?"

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಪ್ರಣೀತಾ ಮಾತ್ರ ನಗಲಿಲ್ಲ. ಅವಳ ಮುಖ ಬಿಳಿಚಿಕೊಂಡಿತ್ತು.

"ಅಜ್ಜ," ಎಂದಳು ಸಣ್ಣ ದನಿಯಲ್ಲಿ, "ನಮ್ಮ ಅನ್ನಸಿರಿಗೆ ಎಷ್ಟ್ ಕೊಟ್ಟಿರಿ?"

"ನಮ್ಮ ಹೋಟ್ಲಿಗೆ ನಾನ್ ಕಮ್ಮಿ ಮಾಡುದುಂಟಾ? ಒಂದೇ! ಬೊಂಬಾಯಿಯ ನೆಂಟ್ರಿಗೆಲ್ಲ ಫೋನ್ ಮಾಡಿ ಒಂದೇ ಕೊಡ್ಸಿದ್ದೆ. ಇಪ್ಪತ್ತ್ಮೂರ್ ಜನ!"

ಪ್ರಭಾವತಿ ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಗುವಿನ ಮಧ್ಯೆ ಯಾರೋ "ಹಾಂಗಾರೆ ಆ ಹೊಟ್ಟಿಕಿಚ್ಚಿನರ್ ಯಾರ್ ಶೆಟ್ರೆ?" ಎಂದು ಕೇಳಿಯೂಬಿಟ್ಟರು. ಪ್ರಣೀತಾ ಅಜ್ಜನ ಪಕ್ಕಕ್ಕೆ ಹೋಗಿ ಮೊಬೈಲು ತೋರಿಸಿ ವಿವರಿಸಿದಳು: ಐದು ಎಂದರೆ ಎಲ್ಲಕ್ಕಿಂತ ಮೇಲೆ, ಒಂದು ಎಂದರೆ ಎಲ್ಲಕ್ಕಿಂತ ಕೆಳಗೆ. ಸ್ಟಾರ್ ಇಳಿಸಿದವನು ಅವನೇ ಎಂದು ಮೂರು ವರ್ಷದಿಂದ ಎದುರಿನ ಹೋಟೆಲಿನವನ ಜೊತೆ ಮಾತು ಬಿಟ್ಟಿದ್ದ ಶೆಟ್ರು ನಿಧಾನವಾಗಿ ಕೂತರು. ಕೂತವರು ಮತ್ತೆ ಎದ್ದರು.

"ಹಾಂಗಾರೆ ಈ ಕೇತ್ಕರ ಯಾವ ಶಾಲೆಯಗೆ ಕಲ್ತದ್ದ್? ಒಂದ್ನೇದ್ ಕಡೇದ್ ಅಂಬ್ದನ್ನ ಯಾರ್ ಹೇಳ್ಕೊಟ್ಟದ್ದ್ ಅವಂಗೆ? ಮೂರ್ತಿ ಬ್ಯಾಡ, ಎಂತದೂ ಬ್ಯಾಡ! ದೇಶ ಹಾಳ್ ಮಾಡ್ದ!"

ಪದ್ದುವಿಗೆ ಅದು ಸರಿ ಕಾಣಲಿಲ್ಲ. ಒಂದು ತಿಂಗಳು ಮನಸ್ಸಿನಲ್ಲೇ ಬೈದಿದ್ದ ಮನುಷ್ಯನ ಮೇಲೆ ಅವಳಿಗೆ ಈಗ ಕನಿಕರವೇ ಬಂತು.

"ಶೆಟ್ರೆ, ಅವ್ನಿಗೆಂತಕೆ ಬೈತ್ರಿ? ಅವ ಎಂತ ಮಾಡುಕಾತ್ತ್? ಕೇಂಡ್ ಒತ್ತುಕಾಯ್ತಿಲ್ಯಾ ನಿಮ್ಗೆ? ಅವ್ನಿಂದ ನನ್ನ ಮೀನ್ ಕೋಟೇಶ್ವರಕ್ಕೆ ಹೋತ್ತ್. ನಾನ್ ಬುಟ್ಟಿ ಹೊತ್ಕಂಡ್ ಅಲ್ಲಿಗ್ ಹೋಪ್ಕಾತ್ತಾ?"

"ನೀನ್ ವಿರುದ್ಧ ಮಾತಾಡುಕ್ ಬಂದದ್ದಲ್ದಾ?"

"ನೀವ್ ಪರ ಮಾತಾಡುಕ್ ಬಂದದ್ದಲ್ದಾ?"

ಸುಧೀರ ಮಧ್ಯೆ ನಿಂತು ಇಬ್ಬರಿಗೂ ಕೈ ಮುಗಿದ. ತೀರ್ಪು ಕೇಳಿದಾಗ ಪ್ರಭಾವತಿ ಟೀಚರ್ ಕನ್ನಡಕ ಹಾಕಿಕೊಂಡು ಗಡಿಯಾರವನ್ನು ಎತ್ತಿಕೊಂಡರು. ಯಾರು ಯಾವ ಕಡೆ ಗೆದ್ದರೆಂದು ಹೇಳಲು ತಮ್ಮಿಂದಾಗದು, ವಾಚನಾಲಯದಲ್ಲಿ ಗಡಿಯಾರವೇ ಇಲ್ಲ, ಇದನ್ನು ಇಲ್ಲೇ ನೇತುಹಾಕಿ ಎಂದರು. ಗೋಳಿಬಜೆ ಬಂದಿದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಚಂದಯ್ಯ ಶೆಟ್ರಿಗೆ ಬೈಂದೂರಿನಲ್ಲೊಂದು ಆರತಕ್ಷತೆಗೆ ಹೋಗಬೇಕಿತ್ತು. ನಾವುಂದದಲ್ಲಿ ಇಳಿಸುತ್ತೇನೆಂದು ಪದ್ದುವನ್ನೂ ಕಾರಿಗೆ ಹತ್ತಿಸಿಕೊಂಡರು.

"ಬೇಜಾರಾಯ್ತಾ ಪದ್ದು? ಒಂದ್ ತಿಂಗ್ಳ್?" ಎಂದು ಹೆಮ್ಮಾಡಿ ದಾಟುವಾಗ ಶೆಟ್ರು ಕೇಳಿದರು.

"ಆಯ್ತ್. ಕಷಾಯ ಕುಡ್ದೆ." ಪದ್ದು ಹೊರಗೆ ನೋಡಿದಳು. "ಅಲ್ಲ ಶೆಟ್ರೆ, ನಲ್ವತ್ತೊಂಬತ್ತಕ್ಕೇ ಕೆಲ್ಸ ಬಿಟ್ಟ್ ಮನೆಯಗೆ ಕೂಕಂಡ್ರೆ ಆ ಕೇತ್ಕರಂಗೆ ಹೊತ್ತ್ ಹೋಪ್ದ್ ಹ್ಯಾಂಗೆ?"

"ದೋಣಿ ತಕಂತ್ನಂಬ್ರ್. ದೊಡ್ಡದ್."

"ದೋಣಿ ತಕಂಡ್ ಎಂತ ಮಾಡ್ತ? ಬಲೆ ಬೀಸುಕ್ ಬತ್ತಾ ಅವಂಗೆ?"

ಬಲೆ ಬೀಸಲು ಆಳು ಇಡುತ್ತಾನೆಂದು ಶೆಟ್ರು ವಾದಿಸಿದರು. ಆಳು ಹಿಡಿದ ಮೀನನ್ನು ಮಾರುವವರ್ಯಾರು ಎಂದು ಪದ್ದು ಕೇಳಿದಳು. ತ್ರಾಸಿ ಹೋಯಿತು, ಮರವಂತೆಯೂ ಹೋಯಿತು. ನಾವುಂದದಲ್ಲಿ ಇಳಿದ ಮೇಲೂ ಪದ್ದು ಕಾರಿನ ಕಿಟಕಿ ಹಿಡಿದೇ ನಿಂತಿದ್ದಳು, ಶೆಟ್ರು ಸ್ಟೇರಿಂಗ್ ಬಿಟ್ಟು ಎರಡೂ ಕೈಯಲ್ಲಿ ದೋಣಿಯ ಉದ್ದ ತೋರಿಸುತ್ತಿದ್ದರು, ಹಿಂದಿನಿಂದ ಬಂದ ಬಸ್ಸಿನವನು ಹಾರನ್ನು ಬಿಡದೆ ಒತ್ತುತ್ತಿದ್ದ.