ಆಯಸ್ಕಾಂತ ಇಡದ ಮೂಲೆ

"ಐದಾ? ಇನ್ನೊಂದು ಸಲ ಹೇಳು. ಬೆಳಿಗ್ಗೆಯಿಂದ ನನ್ನ ಕಿವಿ ಸರಿ ಇಲ್ಲ ಅಂತ ಕಾಣುತ್ತೆ," ಎಂದಳು ಅಕ್ಕ.

"ಐದು ಲಕ್ಷ," ಎಂದೆ, ಅವಳ ಮುಖ ನೋಡದೆ. ಬಾನೆಟ್ಟಿನ ಮೇಲೆ ಇಲ್ಲದ ಧೂಳನ್ನು ಒರೆಸುತ್ತಿದ್ದೆ.

"ಒಂಬತ್ತು ವರ್ಷ ಕಣೋ! ಈ ಮನುಷ್ಯ ನನ್ನ ಜೊತೆ ಮಾತಾಡಿದ್ದಕ್ಕಿಂತ ಈ ಡಬ್ಬದ ಜೊತೆ ಮಾತಾಡಿದ್ದೇ ಜಾಸ್ತಿ. ಅಷ್ಟಕ್ಕೂ ಸೇರಿ ಐದಾ?"

ಈ ಮನುಷ್ಯ ಎಂದರೆ ನನ್ನ ಭಾವ. ಷೆಡ್ಡಿನ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು, ಇದು ಯಾರದೋ ಮನೆಯ ಮಾತು ಎನ್ನುವ ಹಾಗೆ ಬೀದಿಯ ಕಡೆ ಮುಖ ಮಾಡಿದ್ದರು. ಜೀವನವೆಲ್ಲ ಅಚ್ಚುಮನೆಯಲ್ಲಿ ಯಂತ್ರ ರಿಪೇರಿ ಮಾಡಿದವರು. ಕೆಲಸ ಬಿಟ್ಟ ವರ್ಷ ಗುಜರಿ ಅಂಗಡಿಯಿಂದ ಈ ಪಿಕಪ್ಪನ್ನು ಎಳೆಸಿಕೊಂಡು ಬಂದಿದ್ದರು. ಆಗ ಅದಕ್ಕೆ ನೆಲವೇ ಇರಲಿಲ್ಲ. ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು. ಈಗ ನೋಡಿದರೆ ಪಾಚಿ ಹಸಿರು ಬಣ್ಣ, ಗುಂಡು ದೀಪಗಳು, ಹಿಂದೆ ಎಣ್ಣೆ ಕುಡಿದ ಮರದ ಹಲಗೆಗಳು. ಆದರೆ ಭಾವನ ಕಣ್ಣು ಮಂಜಾಗಿ ಲೈಸೆನ್ಸ್ ವಾಪಸು ಕೊಟ್ಟು ವರ್ಷವಾಗಿತ್ತು. ಎರಡು ತಿಂಗಳ ಹಿಂದೆ ಮೂರನೇ ಮಹಡಿಯ ತಮ್ಮ ಮನೆಯ ಮೆಟ್ಟಿಲು ಕಾಣದೆ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಎದುರು ಬೀದಿಯಲ್ಲಿ ನೆಲಮಹಡಿಯ ಎರಡು ಕೋಣೆ ಖಾಲಿ ಇತ್ತು. ಗಾಡಿಗೆ ಏಳು ಲಕ್ಷ ಬಂದರೆ ಅದು ಅವರದು. ಐದು ಬಂದರೆ ಮತ್ತೆ ಅದೇ ಮೆಟ್ಟಿಲು.

"ನೀವಾದ್ರೂ ಒಂದು ಮಾತಾಡ್ರೀ," ಎಂದಳು ಅಕ್ಕ.

"ಕಟ್ಟಿದವನ ಹತ್ರ ಬೆಲೆ ಕೇಳಬಾರ್ದು ಮಾರಾಯ್ತಿ. ಒಂದೋ ಸುಳ್ಳು ಹೇಳ್ತಾನೆ, ಇಲ್ಲಾ ಅಳ್ತಾನೆ. ಅದಕ್ಕೇ ನಿನ್ನ ತಮ್ಮನ್ನ ಕರೆಸಿದ್ದು," ಎಂದರು ಭಾವ.

ನಾನು ಗಾಡಿಗಳಿಗೆ ಬಣ್ಣ ಹೊಡೆಯುವವನು. ಬೆಲೆ ಕಟ್ಟುವುದನ್ನು ಯಾವ ಶಾಲೆಯಲ್ಲೂ ಕಲಿತಿಲ್ಲ. ಮೋಸ ಹೋಗಿ ಹೋಗಿ ಕಲಿತದ್ದು. ಬೆಳಿಗ್ಗೆ ಎಂಟರಿಂದ ಎಲ್ಲ ನೋಡಿದ್ದೆ. ಬಾಗಿಲು ಮುಚ್ಚಿದರೆ ದಪ್ಪ ಪುಸ್ತಕ ಮುಚ್ಚಿದ ಸದ್ದು. ಬಾಗಿಲ ಸಂದು ಮೇಲಿಂದ ಕೆಳಗಿನವರೆಗೆ ಬೆಂಕಿಕಡ್ಡಿಯ ದಪ್ಪದಷ್ಟೇ, ಎಲ್ಲೂ ಹೆಚ್ಚುಕಮ್ಮಿ ಇಲ್ಲ. ನಾಲ್ಕೂ ಗಾಜಿನ ಮೂಲೆಯಲ್ಲಿ ಒಂದೇ ವರ್ಷದ ಗುರುತು. ಸ್ಪೀಕರಿನಿಂದ ಕಿತ್ತ ಆಯಸ್ಕಾಂತಕ್ಕೆ ಬನಿಯನ್ ಬಟ್ಟೆ ಸುತ್ತಿ ಗಾಡಿಯ ಮೈಮೇಲೆಲ್ಲ ಇಟ್ಟು ನೋಡಿದ್ದೆ. ತಗಡಿದ್ದರೆ ಅಂಟುತ್ತದೆ, ಕೆಳಗೆ ಪುಟ್ಟಿ ತುಂಬಿದ್ದರೆ ಜಾರುತ್ತದೆ. ಎಲ್ಲ ಕಡೆ ಅಂಟಿತು. ಒಂದು ಕಡೆ ಮಾತ್ರ ಇಟ್ಟಿರಲಿಲ್ಲ. ಕ್ಯಾಬಿನ್ನಿನ ಹಿಂದೆ, ಬಲ ಮೂಲೆ, ಕೆಳಗೆ.

ಅಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತಲ್ಲ.

ನಾಲ್ಕು ವರ್ಷದ ಹಿಂದೆ ಆ ಮೂಲೆ ತುಕ್ಕು ತಿಂದು ಜಾಲರಿಯಾಗಿತ್ತು. ಭಾವ ಎಲ್ಲಿಂದಲೋ ಸರಿಯಾದ ದಪ್ಪದ ತಗಡು ಹುಡುಕಿ ತಂದು, "ಇದನ್ನ ಕತ್ತರಿಸಿ ವೆಲ್ಡ್ ಮಾಡಿ ಬಣ್ಣ ಹೊಡಿ" ಎಂದು ಗಾಡಿಯನ್ನು ನನ್ನ ಗ್ಯಾರೇಜಿಗೆ ಕಳಿಸಿದ್ದರು. ಅದೇ ವಾರ ಒಂದು ವ್ಯಾನಿನವನು ತಲೆ ಮೇಲೆ ಕೂತಿದ್ದ. ತಗಡನ್ನು ಅವನ ವ್ಯಾನಿಗೆ ಹಾಕಿದೆ. ಭಾವನ ಮೂಲೆಗೆ ಪ್ಲಾಸ್ಟಿಕ್ ಬಲೆ ಒತ್ತಿ, ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕಳಿಸಿದೆ. "ಹೊಸ ತಗಡು ಹೆಂಗಿದೆ?" ಎಂದು ಭಾವ ಕೇಳಿದಾಗ "ಗುಂಡು ಹೊಡೆದ್ರೂ ತೂತಾಗಲ್ಲ" ಎಂದೆ. ಅವತ್ತಿನಿಂದ ಆ ಮೂಲೆಯ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಷೆಡ್ಡಿಗೆ ಬಂದರೂ ಎಡಗಡೆಯೇ ನಿಲ್ಲುತ್ತಿದ್ದೆ.

ನಮ್ಮ ದಂಧೆಯಲ್ಲಿ ಒಂದು ಕಡೆ ಪುಟ್ಟಿ ಸಿಕ್ಕರೆ ಇಡೀ ಗಾಡಿಯೇ ಪುಟ್ಟಿ ಎಂದು ಲೆಕ್ಕ. ಕೊಳ್ಳುವವನಿಗೆ ಆಮೇಲೆ ಎಂಜಿನ್ನಿನ ಸದ್ದಿನಲ್ಲೂ ಪುಟ್ಟಿ ಕೇಳಿಸುತ್ತದೆ. ಅದಕ್ಕೇ ಐದು ಎಂದೆ. ನ್ಯಾಯವಾದ ಬೆಲೆ ಹೇಳುತ್ತಿದ್ದೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆಯೇ ಬಂದು ನಿಂತಳು.

"ಟಾರ್ಚು ನಿಂಗೆಷ್ಟು ಕೊಡ್ತೀನಿ ಅಂದಿದ್ದಾನೆ?"

"ಏನಕ್ಕಾ ಇದು!"

"ಏನಿಲ್ಲ. ಮೊನ್ನೆ ಮೂಲೆ ಅಂಗಡೀಲಿ ಇಬ್ರೂ ಒಂದೇ ಬೆಂಚಲ್ಲಿ ಚಹಾ ಕುಡೀತಿದ್ರಿ. ದುಡ್ಡು ಅವನೇ ಕೊಟ್ಟ. ಅವನು ಯಾರಿಗಾದ್ರೂ ಚಹಾ ಕೊಡಿಸಿದ್ದನ್ನ ಈ ಬೀದಿ ನೋಡಿಲ್ಲ."

ಟಾರ್ಚು ಎಂದರೆ ಹಳೆ ಗಾಡಿಗಳ ವ್ಯಾಪಾರಿ, ಇವತ್ತು ಈ ಗಾಡಿ ನೋಡಲು ಬರಬೇಕಿದ್ದವನು. ನಡುಮಧ್ಯಾಹ್ನವೂ ಟಾರ್ಚ್ ಹಾಕಿಯೇ ಗಾಡಿ ನೋಡುತ್ತಾನೆಂದು ಆ ಹೆಸರು. ಚಹಾ ಕೊಡಿಸಿದ್ದು ನಿಜ. ಎರಡು ಕಾರಿಗೆ ಬಣ್ಣ ಹೊಡೆಯುವ ಕೆಲಸದ ಮಾತಾಡಿದ್ದೂ ನಿಜ. ಆದರೆ ಆ ಹೊತ್ತಿಗೆ ಎಷ್ಟು ನಿಜ ಹೇಳಿದರೂ ಎಲ್ಲ ಕಳ್ಳನ ಬಾಯಿಂದ ಬಂದ ಹಾಗೆಯೇ ಕೇಳುತ್ತಿತ್ತು.

"ಒಡಹುಟ್ಟಿದವಳ ಗಾಡೀಲಿ ಕಮಿಷನ್ ಹೊಡೀತೀಯಾ ಅಂತ ನಾನು ಅನ್ನಲ್ಲಪ್ಪ. ನೀನೇ ಅಂದ್ಕೋ," ಎಂದು ಅಕ್ಕ ಮುಖ ತಿರುಗಿಸಿದಳು.

ಬೀದಿಯ ಕಡೆಗಿದ್ದ ಭಾವನ ಮುಖ ಈಗ ನನ್ನ ಕಡೆಗಿತ್ತು. ಕಾಣದ ಕಣ್ಣು ಕಾಣುವ ಕಣ್ಣಿಗಿಂತ ಕಷ್ಟ. ಎಲ್ಲಿ ನೋಡುತ್ತಿದೆ ಎಂದು ತಿಳಿಯುವುದಿಲ್ಲ.

ಹತ್ತು ಗಂಟೆಗೆ ಟಾರ್ಚು ಬಂದ. ಬಂದವನೇ ಚಪ್ಪಲಿ ಬಿಟ್ಟು, ಮೊಣಕಾಲಿಗೆ ರಬ್ಬರು ಕಟ್ಟಿಕೊಂಡು, ಗಾಡಿಯ ಸುತ್ತ ಅಂಬೆಗಾಲಿಕ್ಕಿದ.

"ಅಕ್ಕಾವ್ರೇ, ಬಾಗಿಲು ಇಷ್ಟು ಚೆನ್ನಾಗಿ ಮುಚ್ಚತ್ತೆ. ಯಾಕೆ?"

"ಬಾಗಿಲು ಅಂದ್ರೆ ಮುಚ್ಚದೆ ಇನ್ನೇನು ಮಾಡತ್ತಪ್ಪ?"

"ಅರವತ್ತೈದು ವರ್ಷದ ಗಾಡಿ ಇದು. ನಾನು ಐವತ್ತೆರಡು, ನನ್ನ ಬಾಯೇ ಸರಿಯಾಗಿ ಮುಚ್ಚಲ್ಲ. ಎಷ್ಟು ಹೇಳ್ತಿದ್ದೀರಿ?"

ಅಕ್ಕ ನನ್ನ ಕಡೆ ನೋಡಿದಳು. ಹೇಳು, ನಿನ್ನ ಐದನ್ನು ನೀನೇ ಹೇಳು, ಎನ್ನುವ ನೋಟ. ನಾನು ಬಾಯಿ ತೆರೆಯುವ ಮೊದಲೇ ಟಾರ್ಚು ಅಂಗಿಯ ಜೇಬಿನಿಂದ ದಾರ ಕಟ್ಟಿದ ಆಯಸ್ಕಾಂತ ತೆಗೆದ. ಎಡ ಬಾಗಿಲು, ಟಪ್. ಎಡ ಮೂಲೆ, ಟಪ್. ಹಿಂದಿನ ಹಲಗೆಯ ಕೆಳಗೆ, ಟಪ್. ಅವನು ಬಲಕ್ಕೆ ಹೊರಳಿದ. ಆಯಸ್ಕಾಂತ ಜಾರಿ ನೆಲಕ್ಕೆ ಬಿದ್ದರೆ ಸುಳ್ಳು ಹೇಳಿದವರು ಭಾವ ಎಂದಾಗುತ್ತದೆ. ಅವರ ಒಂಬತ್ತು ವರ್ಷವನ್ನು ಟಾರ್ಚು ಬೀದಿ ಬೀದಿಯಲ್ಲಿ ಪುಟ್ಟಿ ಎಂದು ಹೇಳಿಕೊಂಡು ತಿರುಗುತ್ತಾನೆ.

"ಅಲ್ಲಿ ಪುಟ್ಟಿ ಇದೆ," ಎಂದೆ. "ಆ ಮೂಲೇಲಿ ಮಾತ್ರ. ನಾನೇ ಮೆತ್ತಿದ್ದು. ಭಾವ ತಗಡು ಕೊಟ್ಟಿದ್ರು, ಅದನ್ನ ಬೇರೆಯವರಿಗೆ ಹಾಕ್ದೆ. ಅವರಿಗೆ ಗೊತ್ತಿಲ್ಲ. ಉಳಿದದ್ದೆಲ್ಲ ಅಪ್ಪಟ ತಗಡು."

ಅಕ್ಕನ ಕೈ ಸೊಂಟದಿಂದ ಇಳಿಯಿತು. ಟಾರ್ಚು ನನ್ನನ್ನೇ ನೋಡುತ್ತ ಆಯಸ್ಕಾಂತವನ್ನು ಮೂಲೆಗೆ ಹಿಡಿದ.

ಟಪ್.

ಕಿತ್ತು ಒಂದಂಗುಲ ಕೆಳಗಿಟ್ಟ. ಟಪ್. ಪಕ್ಕಕ್ಕೆ. ಟಪ್. ಕೈ ಬಿಟ್ಟ. ಅದು ಅಲ್ಲೇ ನಿಂತಿತು, ದಾರ ತೂಗಾಡುತ್ತಿತ್ತು.

"ಏನಿದು?" ಎಂದ ಟಾರ್ಚು, ನಿಧಾನವಾಗಿ. "ಪುಟ್ಟಿ ಇರೋ ಕಡೆ ಇಲ್ಲ ಅನ್ನೋರನ್ನ ಮೂವತ್ತು ವರ್ಷದಿಂದ ನೋಡ್ತಿದ್ದೀನಿ. ಇಲ್ಲದ ಕಡೆ ಇದೆ ಅನ್ನೋನು ನೀನೇ ಮೊದಲು. ಇನ್ನೆಲ್ಲಿ ಏನು ಬಚ್ಚಿಟ್ಟು ನನ್ನ ಇಲ್ಲಿಗೆ ಎಳೀತಿದ್ದೀಯ?"

ಎಂದವನೇ ಟಾರ್ಚ್ ಹಚ್ಚಿಕೊಂಡು ಗಾಡಿಯ ಕೆಳಗೆ ತೂರಿದ. ಅವನ ಎರಡು ಪಾದ ಮಾತ್ರ ಹೊರಗೆ ಉಳಿದವು.

ನಾನು ಭಾವನ ಸ್ಟೂಲಿನ ಹತ್ತಿರ ಹೋದೆ.

"ಗಾಡಿ ವಾಪಸು ಬಂದ ದಿನಾನೇ ಬೆರಳಲ್ಲಿ ತಟ್ಟಿದ್ದೆ," ಎಂದರು ಅವರು, ಟಾರ್ಚಿಗೆ ಕೇಳದಷ್ಟು ಮೆಲ್ಲಗೆ. "ಕಣ್ಣು ಹೋಗ್ತಿತ್ತು, ಕಿವಿ ಹೋಗಿರ್ಲಿಲ್ಲ. ಮಡಕೆ ಸದ್ದು ಬಂತು. ಕಿತ್ತು ಹಾಕಿ ಬೇರೆ ತಗಡು ತಂದೆ. ನಿನ್ನ ಡಬ್ಬೀಲಿ ಬಣ್ಣ ಸ್ವಲ್ಪ ಉಳಿದಿತ್ತು, ಸಾಕಾಯ್ತು."

"ಒಂದು ಮಾತು ಹೇಳಬಹುದಿತ್ತಲ್ಲ ಭಾವ. ನಾಲ್ಕು ವರ್ಷ!"

"ನೀನೂ ಹೇಳಬಹುದಿತ್ತಲ್ಲ."

ಅಕ್ಕ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದಳು. "ಆಗ ಎರಡು ತಿಂಗಳು ಊಟಕ್ಕೂ ಬರದೆ ಆ ಮೂಲೆ ಮುಂದೆ ಕೂತಿದ್ರಲ್ಲ, ಅದಾ? ನಾನು ಕೇಳಿದ್ರೆ ತುಕ್ಕು ಅಂದ್ರಿ!"

"ಸುಳ್ಳೇನಲ್ಲ, ತುಕ್ಕೇ," ಎಂದರು ಭಾವ. ಆಮೇಲೆ ನನ್ನ ಕಡೆ ಕೈ ಚಾಚಿ, ಮೊಣಕೈ ಸಿಕ್ಕ ಮೇಲೆ ಹಿಡಿದುಕೊಂಡು, "ಈಗ ಬೆಲೆ ಹೇಳು. ನಿನ್ನ ಪುಟ್ಟಿ ಕಳೆದು ಎಷ್ಟು?"

ಟಾರ್ಚು ಆ ಹೊತ್ತಿಗೆ ಗಾಡಿಯ ಇನ್ನೊಂದು ಕಡೆಯಿಂದ ಹೊರಬಂದ. ಕೂದಲಲ್ಲಿ ಗ್ರೀಸ್. ಏನೂ ಸಿಗದೆ ಮುಖ ಇನ್ನೂ ಗಂಟಾಗಿತ್ತು.

"ಏಳು," ಎಂದೆ ಅವನಿಗೆ. "ಗಾಜು, ಬಾಗಿಲು, ಹಲಗೆ, ತಗಡು ಎಲ್ಲ ನೀನೇ ನೋಡಿದ್ದೀಯ. ಎಂಜಿನ್ ತಣ್ಣಗಿದೆ, ಮುಟ್ಟಿ ನೋಡು. ನೀನು ಬರೋ ಮುಂಚೆ ಬಿಸಿ ಮಾಡಿ ಇಟ್ಟಿಲ್ಲ. ನೀನೇ ಸ್ಟಾರ್ಟ್ ಮಾಡು. ಆರೂವರೆ ಅಂತ ಬಾಯಿ ತೆಗೀಬೇಡ."

ಅವನು ಮುಟ್ಟಿ ನೋಡಿದ. ಸ್ಟಾರ್ಟ್ ಮಾಡಿದ. ಎರಡನೇ ಸಲಕ್ಕೆ ಹೊತ್ತಿತು. ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ, ಆರಿಸಿದ, ಮತ್ತೆ ನನ್ನನ್ನು ನೋಡಿದ.

"ಏಳು ಕೊಡ್ತೀನಿ. ಮುಂಗಡ ತರ್ತೀನಿ, ಅರ್ಧ ಗಂಟೆ. ಆದ್ರೆ ನೀನು ಯಾಕೆ ಹಂಗೆ ಹೇಳಿದೆ ಅಂತ ಗೊತ್ತಾಗೋವರೆಗೂ ನಿನ್ನ ಕೈಗೆ ನನ್ನ ಕಾರು ಕೊಡಲ್ಲ ಕಣಯ್ಯಾ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ.

"ಹೋಯ್ತು ನಿನ್ನ ಚಹಾ," ಎಂದಳು ಅಕ್ಕ. "ಬಾ, ಮೇಲೆ ಬಾ. ನಾನೇ ಮಾಡಿಕೊಡ್ತೀನಿ. ಸಕ್ಕರೆ ಮಾತ್ರ ಕೇಳಬೇಡ."

ಅವಳು ಭಾವನ ತೋಳು ಹಿಡಿದು ಮೆಟ್ಟಿಲ ಕಡೆ ನಡೆಸಿಕೊಂಡು ಹೋದಳು. ಟಾರ್ಚು ತನ್ನ ಆಯಸ್ಕಾಂತವನ್ನು ಮರೆತು ಹೋಗಿದ್ದ. ನಾನು ಗಾಡಿಯ ಬಲಗಡೆಗೆ ಹೋಗಿ, ಬಗ್ಗಿ, ದಾರ ಹಿಡಿದು ಎಳೆದೆ. ದಾರ ಕಿತ್ತು ಕೈಗೆ ಬಂತು. ಆಯಸ್ಕಾಂತ ಅಲ್ಲೇ ಇತ್ತು.