ಗೊಲ್ಲಾಳಮ್ಮನ ಉಲ್ಟಾ ಡ್ರಮ್ ಸೆಟ್

ದೊಡ್ಡ ಡ್ರಮ್ಮನ್ನು ಅಂಗಳಕ್ಕೆ ಎಳೆಯುತ್ತಿದ್ದ ಗುರುದೇವಿಯನ್ನು ಅವಳ ಕಾಕಾ ಬಸವಲಿಂಗ ಹೊಸ್ತಿಲಲ್ಲೇ ತಡೆದ.

"ಹೆಣದ ಮುಂದ ಭಜನಿ ಆಗಬೇಕವಾ, ಇದಲ್ಲ. ಬದುಕಿದ್ದಾಗ ಮನಿ ಮಾನ ಕಳದದ್ದು ಸಾಕು. ಈಗರ ಹೆಣ್ಮಗಳಂಗ ಹೋಗ್ಲಿ."

"ಅವ್ವ ಹೆಂಗ ಬದುಕಿದ್ಲೋ ಹಂಗ ಹೋಗ್ತಾಳ. ದಾರಿ ಬಿಡ್ರಿ ಕಾಕಾ."

ಕಟ್ಟೆಯ ಮೇಲೆ ಗೊಲ್ಲಾಳಮ್ಮನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹಾರ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸಿಯೇ ಮಣ್ಣಿಗೆ ಕಳಿಸುತ್ತಾರೆ. ಜೀವಮಾನವೆಲ್ಲ ಡ್ರಮ್ಮಿನ ಹಿಂದೆ ಕೂತವಳು ಈಗಲೂ ಕೂತೇ ಇದ್ದಳು, ಮುಂದೆ ಡ್ರಮ್ ಮಾತ್ರ ಇರಲಿಲ್ಲ. ಗುರುದೇವಿಗೆ ತಡೆಯಲಾಗದ್ದು ಅದೇ.

*

ಗಂಡ ಸತ್ತ ಮೇಲೆ ಗೊಲ್ಲಾಳಮ್ಮ ಮದುವೆ ಮನೆಗಳಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೈ ರೊಟ್ಟಿಯ ಮೇಲೆ, ಕಣ್ಣು ಎದುರಿನ ವೇದಿಕೆಯ ಮೇಲೆ. ಅಲ್ಲಿ ಶಹಾಪುರದ ಲಾಡ್ಲೇಸಾಬನ ಆರ್ಕೆಸ್ಟ್ರಾ. ಸುರಪುರದ ಒಂದು ಮದುವೆಯಲ್ಲಿ ಡ್ರಮ್ಮಿನವನು ಕೈಕೊಟ್ಟ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಈಕೆ ವೇದಿಕೆ ಹತ್ತಿದಳು. ಹತ್ತಿದವಳೇ ಎಡಗಡೆಯ ಹಿತ್ತಾಳೆ ತಟ್ಟೆಗಳನ್ನು ಬಲಕ್ಕೂ ಬಲದ ಡ್ರಮ್ಮನ್ನು ಎಡಕ್ಕೂ ಸರಿಸಿಬಿಟ್ಟಳು. ಎಲ್ಲ ಉಲ್ಟಾ ಆಯಿತಲ್ಲವಾ ಎಂದು ಲಾಡ್ಲೇಸಾಬ ಗಾಬರಿಯಾದ.

"ನಾ ಎದುರು ಕುಂತು ಕಲ್ತೀನ್ರಿ ಭಾಯಿ. ನನಗ ಕಂಡದ್ದ ಹಿಂಗ."

ಆಮೇಲೆ ಯಾರೆಷ್ಟು ಹೇಳಿದರೂ ತಿದ್ದಿಕೊಳ್ಳಲಿಲ್ಲ. ಆಕೆಯ ಸೆಟ್ಟಿಗೆ ಕೈಹಾಕಿದ ಗಂಡಸರೆಲ್ಲ ತಪ್ಪಿ ತಪ್ಪಿ ಎದ್ದು ಹೋದರು. ಕಾಲಗಲಿಸಿ ಕೂರುತ್ತಾಳೆಂದು ಮೂಗು ಮುರಿದವರೇ ತಮ್ಮ ಮನೆ ಮದುವೆಗೆ ಉಲ್ಟಾ ಗೊಲ್ಲಾಳಮ್ಮನೇ ಬೇಕೆಂದರು. ಬಸವಲಿಂಗ ಮಾತ್ರ ಮಗಳ ಮದುವೆಗೆ ಗೋಗಿಯಿಂದ ಬೇರೆ ಬ್ಯಾಂಡು ತರಿಸಿದ. ಅತ್ತಿಗೆಗೆ ಊಟಕ್ಕಷ್ಟೇ ಹೇಳಿದ. ಆಕೆ ಹೋಗಲಿಲ್ಲ.

*

ಮಣ್ಣಿಗೆ ಬಂದಿದ್ದ ಮುದಿ ಲಾಡ್ಲೇಸಾಬ ಯಾರನ್ನೂ ಕೇಳದೆ ಡ್ರಮ್ಮಿನ ಇನ್ನೊಂದು ಬದಿ ಹಿಡಿದ. ಇದು ನಮ್ಮ ಮನೆಯ ವಿಚಾರ ಎಂದ ಬಸವಲಿಂಗ.

"ಹೌದ್ರಿ, ಮನಿ ನಿಮ್ಮದು. ಕುಂತಾಕಿ ನಮ್ಮ ಡ್ರಮ್ಮಿನಾಕಿ."

ಅವನೂ ಗುರುದೇವಿಯೂ ಸೇರಿ ಸೆಟ್ಟನ್ನು ಗೊಲ್ಲಾಳಮ್ಮನ ಮುಂದೆ ಆಕೆ ಇಡುತ್ತಿದ್ದ ಹಾಗೆಯೇ ಇಟ್ಟರು. ಗುರುದೇವಿ ಈಚೆಗೆ, ಅವ್ವನ ಎದುರಿಗೆ ಕೂತಳು. ಅವಳೂ ಎದುರು ಕೂತೇ ಕಲಿತವಳು. ತಟ್ಟೆಗಳು ತಾವಾಗಿಯೇ ಅವಳ ಎಡಗೈಗೆ ಸಿಕ್ಕವು. ದೊಡ್ಡ ಡ್ರಮ್ಮನ್ನು ಕಾಲಿನಿಂದ ಬಾರಿಸುವ ಪೆಡಲ್ ಮಾತ್ರ ಆಚೆ, ಅವ್ವನ ಬಳಿ ಉಳಿಯಿತು.

ಗುರುದೇವಿ ಬಾರಿಸತೊಡಗಿದಳು. ಭಜನೆಯವರು ತಾಳ ಕೆಳಗಿಟ್ಟರು. ದೊಡ್ಡ ಡ್ರಮ್ಮಿನ ಏಟು ಬರಬೇಕಾದಲ್ಲೆಲ್ಲ ಅವಳು ಕೋಲೆತ್ತಿ ಸುಮ್ಮನಿರುತ್ತಿದ್ದಳು. ಅದು ಅವ್ವನ ಏಟು, ಅದನ್ನು ಬೇರೆ ಯಾರಾದರೂ ಹೊಡೆಯುವುದು ಅವಳಿಗೆ ಬೇಡವಾಗಿತ್ತು.

ಸಾಕು ನಿಲ್ಲಿಸು ಎಂದು ಬಸವಲಿಂಗ ಗದರಿದ. ಅವಳು ನಿಲ್ಲಿಸಲಿಲ್ಲ. ಮತ್ತೆ ಆ ಏಟಿನ ಜಾಗ ಬಂತು. ಇಷ್ಟು ಹೊತ್ತು ಅತ್ತು ಸುಸ್ತಾಗಿದ್ದ ನೆರೆಮನೆಯ ಭೀಮಮ್ಮ ಸರಿಯಾಗಿ ಅಲ್ಲಿಗೇ ಒಮ್ಮೆ ಎದೆ ಬಡಿದುಕೊಂಡಳು.

ಮುಂದಿನ ಏಟಿಗೆ ಅಂಗಳದ ಹೆಂಗಸರೆಲ್ಲ ಬಡಿದುಕೊಂಡರು.