ಅಮ್ಮನ ಕಾರ್ಡು

ನಮ್ಮ ಶಾಲೆಯಲ್ಲಿ ಆಟಿಸಂ ಇರುವ, ಮಾತು ಬಾರದ ಮಕ್ಕಳು ಚಿತ್ರ ಕೊಟ್ಟು ಕೇಳುತ್ತಾರೆ. ಗೋಡೆಯ ಮೇಲೊಂದು ಹಲಗೆ, ಅದಕ್ಕೆ ಅಂಟಿಸಿದ ಅಂಗೈಯಗಲದ ಕಾರ್ಡುಗಳು: ನೀರು, ಉಯ್ಯಾಲೆ, ಬಿಸ್ಕೆಟ್, ಶೌಚಾಲಯ. ಮಗು ಕಾರ್ಡು ಕಿತ್ತು ತಂದು ಟೀಚರ ಕೈಗಿಟ್ಟರೆ ಕೇಳಿದ್ದನ್ನು ಆಗಿಂದಾಗಲೇ ಕೊಡಬೇಕು. ಆಮೇಲೆ ಕೊಡುತ್ತೇನೆ, ಜಾಣಮರಿಯಾಗಿದ್ದರೆ ಕೊಡುತ್ತೇನೆ ಎಂಬ ಚೌಕಾಶಿ ಇಲ್ಲ. ಕೇಳಿದರೆ ಸಿಗುತ್ತದೆ ಎಂದು ಖಾತ್ರಿಯಾದ ಮೇಲಷ್ಟೇ ಮಗು ಕೇಳುವುದನ್ನು ಕಲಿಯುವುದು. ಕಾಯುವುದನ್ನು ಕಲಿಸುವುದು ಆಮೇಲಿನ ಪಾಠ. ಹೊರಗಿನವರು ಬಂದು ನೋಡಿದರೆ ನಾವು ಟೀಚರುಗಳೋ ಮಕ್ಕಳ ಆಳುಗಳೋ ಎಂದು ಅನುಮಾನ ಬರಬಹುದು. ಬರಲಿ.

ಇವರಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ನಾವಿಟ್ಟ ಹೆಸರು ಮಹಾರಾಣಿ. ಏನಾದರೂ ಬೇಕಾದರೆ ಕಾರ್ಡನ್ನು ನಮ್ಮ ಕೈಗೆ ತುರುಕಿ, ನಮ್ಮ ಮುಖ ಬಿಟ್ಟು ಬೇರೆಲ್ಲೋ ನೋಡುತ್ತಾ ನಿಲ್ಲುತ್ತಾಳೆ. ಅವಳಮ್ಮ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಟೈಲರ್. ಮಗಳನ್ನು ಸೇರಿಸಿದ ದಿನ, ಉಳಿದ ತಾಯಂದಿರ ಹಾಗೆ ಮಾತು ಯಾವಾಗ ಬರುತ್ತದೆ ಎಂದು ಆಕೆ ಕೇಳಲಿಲ್ಲ.

"ಮಾತು ಬರ್ದೇ ಇದ್ರೆ ಬೇಡ ಕಣಕ್ಕಾ," ಎಂದಳು ನನಗೆ. "ನಾನು ಬೇಕು ಅಂತ ಅವ್ಳು ಒಂದ್ಸಲ ಕೇಳಿದ್ರೆ ಸಾಕು. ಈಗ ಏನಾದ್ರೂ ಬೇಕಂದ್ರೆ ನನ್ನ ಮಣಿಕಟ್ಟು ಹಿಡಿದು ಎಳ್ಕೊಂಡು ಹೋಗ್ತಾಳೆ. ಅವ್ಳ ಪಾಲಿಗೆ ನಾನು ಬೀರು ಬಾಗ್ಲು ತೆಗೆಯೋ ಕೈ, ಅಷ್ಟೆ."

ನಗುತ್ತಲೇ ಹೇಳಿದಳು. ಕೇಳಿಸಿಕೊಂಡ ನನಗೆ ಸಂಕಟವಾಯಿತು.

ಶಾಲೆ ನಡೆಸುವವರನ್ನು ನಾವೆಲ್ಲ ದೊಡ್ಡಕ್ಕ ಎನ್ನುತ್ತೇವೆ. ದೊಡ್ಡಕ್ಕ ಅವತ್ತೇ ಗೇಟಿನ ಬಳಿ ಆಕೆಯ ಫೋಟೋ ತೆಗೆದು, ಕಾರ್ಡು ಮಾಡಿಸಿ, ಹಲಗೆಯ ಕೊನೆಯಲ್ಲಿ ಅಂಟಿಸಿದರು. ತಿಂಗಳುಗಟ್ಟಲೆ ಅದು ಅಲ್ಲೇ ಇತ್ತು. ಮಹಾರಾಣಿ ಅತ್ತ ತಲೆ ಹಾಕಿಯೂ ಮಲಗಲಿಲ್ಲ. ಸಂಜೆ ಮಗಳನ್ನು ಕರೆದೊಯ್ಯಲು ಬಂದಾಗೆಲ್ಲ ಅಮ್ಮನ ಕಣ್ಣು ಮೊದಲು ಹಲಗೆಯ ಮೇಲೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ, ಮಣಿ ಪೋಣಿಸುತ್ತಾ ಕುಳಿತಿದ್ದ ಮಹಾರಾಣಿ ಇದ್ದಕ್ಕಿದ್ದಂತೆ ಎದ್ದು ಹೋಗಿ ಆ ಕಾರ್ಡನ್ನು ಕಿತ್ತು ತಂದು ನನ್ನ ಕೈಗೆ ತುರುಕಿದಳು. ಬಿಸ್ಕೆಟ್ಟಾದರೆ ಡಬ್ಬದಲ್ಲಿರುತ್ತದೆ, ಅಮ್ಮನನ್ನು ಎಲ್ಲಿಂದ ತರುವುದು? ಆದರೆ ನಿಯಮ ಎಂದರೆ ನಿಯಮ. ದೊಡ್ಡಕ್ಕ ಅಂಗಡಿಗೆ ಫೋನ್ ಮಾಡಿ, "ನಿಮ್ಮ ಮಗಳು ನಿಮ್ಮನ್ನ ಕೇಳ್ತಿದ್ದಾಳೆ, ಬನ್ನಿ," ಎಂದರು. ಆ ಕಡೆ ಫೋನ್ ಕಟ್ಟಾಯಿತು.

ನಾನು ಕಾರ್ಡು ಹಿಡಿದುಕೊಂಡು, "ಬರ್ತಾರೆ, ಬರ್ತಾರೆ," ಎನ್ನುತ್ತಾ ಮಹಾರಾಣಿಯ ಜೊತೆ ಗೇಟಿನಲ್ಲಿ ನಿಂತೆ. ಅಮ್ಮ ಬಂದೇ ಬಂದಳು. ಕೊರಳಲ್ಲಿ ಅಳತೆಯ ಟೇಪು, ತೋಳಿಗೆ ಚುಚ್ಚಿಕೊಂಡ ಸೂಜಿಯಲ್ಲಿ ಇನ್ನೂ ದಾರ. ಸ್ಕೂಟರ್ ನಿಲ್ಲಿಸಿದವಳೇ ಮಗಳ ಮುಂದೆ ಮಂಡಿಯೂರಿ ಎರಡೂ ಕೈ ಚಾಚಿದಳು.

ಮಹಾರಾಣಿ ಆ ಕೈಗಳ ಪಕ್ಕದಿಂದ ಹಾದು ಮುಂದೆ ಹೋಗಿ ಸ್ಕೂಟರಿನ ಹಿಂದಿನ ಸೀಟು ಹತ್ತಿ ಕುಳಿತಳು.

ನಾನು ಕೈಯಲ್ಲಿದ್ದ ಕಾರ್ಡು ನೋಡಿದೆ. ಫೋಟೋದಲ್ಲಿ ಅಮ್ಮ ಸ್ಕೂಟರಿಗೆ ಒರಗಿ ನಿಂತಿದ್ದಳು. ಅರ್ಧ ಕಾರ್ಡು ಸ್ಕೂಟರೇ. ಫೋಟೋ ಕಂಡರೆ ನಮ್ಮ ಕಣ್ಣು ಮೊದಲು ಮುಖ ಹುಡುಕುತ್ತದೆ, ಈ ಮಕ್ಕಳ ಕಣ್ಣು ಹಾಗೆ ಹುಡುಕಬೇಕೆಂದೇನಿಲ್ಲ. ಇದನ್ನೇ ಊರಿಗೆಲ್ಲ ಪಾಠ ಹೇಳುತ್ತಾ, ಗೋಡೆ ತುಂಬ ತರಬೇತಿಯ ಸರ್ಟಿಫಿಕೇಟು ನೇತುಹಾಕಿಕೊಂಡಿದ್ದ ನಮಗೆ ಅದು ಹೊಳೆದಿರಲಿಲ್ಲ.

ಅಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎದ್ದು ಮಂಡಿಯ ಮಣ್ಣು ಕೊಡವಿಕೊಂಡು, ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ನೋಡಿದಳು.

"ಗಾಡಿ ಚೆನ್ನಾಗಿ ಬಂದಿದೆ," ಎಂದು ವಾಪಸು ಕೊಟ್ಟಳು.

ಆದರೂ ಕೇಳಿದ್ದನ್ನು ಕೊಡಬೇಕಲ್ಲ. ಮಗಳನ್ನು ಕೂರಿಸಿಕೊಂಡು ಬೀದಿಯ ತುದಿಯವರೆಗೆ ಹೋಗಿ ಒಂದು ಸುತ್ತು ಹಾಕಿಸಿಕೊಂಡು ಬಂದಳು. ಅಷ್ಟರಲ್ಲಿ ದೊಡ್ಡಕ್ಕ ಕ್ಯಾಮೆರಾ ಹಿಡಿದು ಗೇಟಿಗೆ ಬಂದಿದ್ದರು.

"ತಪ್ಪು ನಮ್ದೇ," ಎಂದರು. "ಈಗ ಬರೀ ಮುಖದ್ದು ತೆಗೀತೀನಿ. ಆ ಕಾರ್ಡು ಇವತ್ತೇ ಬದಲಾಯಿಸ್ತೀವಿ."

"ಬೇಡಿ."

"ಹಾಗಲ್ಲಮ್ಮಾ. ಅವ್ಳು ಕೇಳ್ತಿರೋದು ಸ್ಕೂಟರ್‌ನ, ನಿಮ್ಮನ್ನಲ್ಲ."

ದೊಡ್ಡಕ್ಕನ ಮಾತೇ ಹಾಗೆ, ಕಡ್ಡಿ ಮುರಿದಂತೆ. ನಿಜವೇ ಇರಬಹುದು, ಆದರೆ ಆ ಹೊತ್ತಿನಲ್ಲಿ ಅದನ್ನು ಆಡಿದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು.

ಆಕೆ ಎರಡೂ ಕಾಲು ನೆಲಕ್ಕೂರಿ ಸೀಟಿನ ಮೇಲೇ ಕುಳಿತಿದ್ದಳು. ಹಿಂದೆ ಮಗಳೂ ಇಳಿದಿರಲಿಲ್ಲ.

"ಗೊತ್ತಾಯ್ತಕ್ಕಾ," ಎಂದಳು. "ಮನೇಲಿ ತಬ್ಕೊಳ್ಳೋಕೆ ಹೋದ್ರೆ ಕೊಸರ್ಕೊಂಡು ಓಡ್ತಾಳೆ. ಮಲಗಿದ್ದಾಗ ಮುಟ್ಟಿದ್ರೂ ಎದ್ದು ಕೂರ್ತಾಳೆ. ಈ ಗಾಡಿ ಮೇಲೆ ಮಾತ್ರ ಹೀಗೆ."

ಆಗ ನಾನೂ ದೊಡ್ಡಕ್ಕನೂ ನೋಡಿದೆವು. ಮಗಳ ಎರಡೂ ತೋಳು ಅಮ್ಮನ ಸೊಂಟವನ್ನು ಬಿಗಿಯಾಗಿ ಸುತ್ತಿಕೊಂಡಿದ್ದವು, ಕೆನ್ನೆ ಬೆನ್ನಿಗೆ ಒತ್ತಿಕೊಂಡಿತ್ತು. ಗಾಡಿ ನಿಂತು ಎಷ್ಟೋ ಹೊತ್ತಾಗಿತ್ತು.

"ಗಾಡೀನೇ ಕೇಳ್ಲಿ ಬಿಡಿ," ಎಂದಳು ಅಮ್ಮ. "ಯಾವಾಗ ಕೇಳಿದ್ರೂ ಫೋನ್ ಮಾಡಿ, ಬರ್ತೀನಿ."

ದೊಡ್ಡಕ್ಕ ಕ್ಯಾಮೆರಾ ಕೆಳಗಿಳಿಸಿದರು. ನಾನು ಒಳಗೆ ಹೋಗಿ ಕಾರ್ಡನ್ನು ಹಲಗೆಯ ನಡುವೆ, ನೀರಿನ ಪಕ್ಕದಲ್ಲಿ ಅಂಟಿಸಿದೆ.